ಲೋಟ ಸಾಲದು, ಹಸು ಬೇಕು

1937ನೆಯ ಇಸವಿ. ಸ್ಪೇನ್ ದೇಶ ತನ್ನೊಳಗೇ ಎರಡಾಗಿ ಕಾದಾಡುತ್ತಿತ್ತು. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು ಪಕ್ಷ ಎಂಬಂಥ ಯುದ್ಧ ಅದು. ಮನೆಮಠ ಕಳೆದುಕೊಂಡು ಓಡಿಬಂದ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಹಾಲಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಸಾಲಿನ ತುದಿಯಲ್ಲಿ ಅಮೆರಿಕದಿಂದ ಬಂದಿದ್ದ ರೈತರೊಬ್ಬರು ಹಾಲಿನ ಪುಡಿಯನ್ನು ನೀರಿನಲ್ಲಿ ಕದಡಿ ಅಳೆದು ಹಂಚುತ್ತಿದ್ದರು. ಪುಡಿ ಬೇಗ ಮುಗಿಯುತ್ತಿತ್ತು. ಸಾಲು ಮಾತ್ರ ಮುಗಿಯುತ್ತಿರಲಿಲ್ಲ. ಇಂದು ಕುಡಿದ ಮಗು ನಾಳೆ ಮತ್ತೆ ಖಾಲಿ ಹೊಟ್ಟೆಯಲ್ಲಿ ಬರುತ್ತಿತ್ತು. ಯಾವ ಮಗುವಿಗೆ ಕೊಡುವುದು, ಯಾವುದಕ್ಕೆ ಇಲ್ಲವೆನ್ನುವುದು?

ಆ ರೈತರ ಹೆಸರು ಡಾನ್ ವೆಸ್ಟ್. ಈ ಮಕ್ಕಳಿಗೆ ಬೇಕಾದದ್ದು ಒಂದು ಲೋಟ ಹಾಲಲ್ಲ, ಒಂದು ಹಸು ಎಂಬ ಯೋಚನೆ ಅವರಿಗೆ ಅಲ್ಲಿ ಹೊಳೆಯಿತು. ಕೇಳಲು ಸರಳವಾಗಿದೆ. ದನ ಕಟ್ಟಿ ಗೊತ್ತಿದ್ದ ಯಾರಿಗಾದರೂ ಹೊಳೆಯಬಹುದಾದ ಮಾತೇ. ಆದರೆ ಪರಿಹಾರ ಕಾರ್ಯಕ್ಕೆ ಹೋದವರಲ್ಲಿ ದನ ಕಟ್ಟಿ ಗೊತ್ತಿದ್ದವರು ಎಷ್ಟು ಮಂದಿ ಇರುತ್ತಾರೆ?

ವೆಸ್ಟ್ ಅವರು ಚರ್ಚ್ ಆಫ್ ದ ಬ್ರೆದ್ರೆನ್ ಎಂಬ ಸಣ್ಣ ಕ್ರೈಸ್ತ ಪಂಗಡಕ್ಕೆ ಸೇರಿದವರು. 1708ರಲ್ಲಿ ಜರ್ಮನಿಯ ಒಂದು ಹಳ್ಳಿಯಲ್ಲಿ ಎಂಟೇ ಜನರಿಂದ ಹುಟ್ಟಿದ ಈ ಪಂಗಡ ಮುಂದೆ ಅಮೆರಿಕಕ್ಕೆ ವಲಸೆ ಹೋಗಿ ಅಲ್ಲಿ ಬೇರೂರಿತು. ಇದರ ಜನ ಹೆಚ್ಚಾಗಿ ಬೇಸಾಯಗಾರರು. ಯುದ್ಧದಲ್ಲಿ ಆಯುಧ ಹಿಡಿಯುವುದು ಪಾಪವೆಂಬುದು ಇವರ ನಂಬಿಕೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವೆಸ್ಟ್ ಕೂಡ ಬಂದೂಕು ಹಿಡಿಯಲು ಒಪ್ಪಿರಲಿಲ್ಲ. ಕೊಲ್ಲುವುದಿಲ್ಲ ಎಂದು ಹೇಳಿದ ಮೇಲೆ ಬದುಕಿಸಲು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಇಂಥವರು ಪರಿಹಾರ ಕಾರ್ಯಕ್ಕೆ ಮುಂದಾದದ್ದು ಹೀಗೆ. ಸ್ಪೇನಿನಲ್ಲಿ ಅವರು ಕ್ವೇಕರ್ ಪಂಗಡದವರ ಜೊತೆ ಸೇರಿ ಕೆಲಸ ಮಾಡಿದರು. ಕ್ವೇಕರರ ಪರಿಹಾರ ಯುದ್ಧದ ಎರಡೂ ಬದಿಗೆ ಸಲ್ಲುತ್ತಿತ್ತು. ಹಸಿದ ಮಗುವಿನ ಅಪ್ಪ ಯಾವ ಪಕ್ಷವೆಂದು ಯಾರೂ ಕೇಳುತ್ತಿರಲಿಲ್ಲ.

1938ರಲ್ಲಿ ವೆಸ್ಟ್ ಇಂಡಿಯಾನಾ ಸಂಸ್ಥಾನದ ತಮ್ಮ ಊರಿಗೆ ಮರಳಿದರು. ನೆರೆಹೊರೆಯ ರೈತರನ್ನು ಕಂಡು, ಮನೆಗೊಂದು ಕಡಸು ಕೊಡಿ, ಹಡಗಿನಲ್ಲಿ ಸ್ಪೇನಿಗೆ ಕಳಿಸೋಣ ಎಂದರು. ಜನ ತಲೆದೂಗಿದರು, ಆದರೆ ಕೆಲಸ ಬೇಗ ಕೈಗೂಡಲಿಲ್ಲ. ಅಟ್ಲಾಂಟಿಕ್ ಸಾಗರದಾಚೆಗೆ ಜೀವಂತ ದನ ಸಾಗಿಸುವುದೆಂದರೆ ಹುಡುಗಾಟವೇ? 1942ರಲ್ಲಿ ಆ ಭಾಗದ ಬ್ರೆದ್ರೆನ್ ಸಭೆಗಳು ಯೋಜನೆಯನ್ನು ಒಪ್ಪಿಕೊಂಡವು. ಬಳಿಕ ಇಡೀ ಪಂಗಡದ ಸೇವಾ ಸಮಿತಿ ಅದನ್ನು ಕೈಗೆತ್ತಿಕೊಂಡಿತು. ಅಷ್ಟು ಹೊತ್ತಿಗೆ ಎರಡನೆಯ ಮಹಾಯುದ್ಧ ಎದ್ದು ಯೂರೋಪಿನ ಕಡಲದಾರಿ ಮುಚ್ಚಿಹೋಗಿತ್ತು. ರೈತರು ಕಡಸುಗಳನ್ನು ಗುರುತು ಮಾಡಿ ಸಾಕುತ್ತ ಕಾದರು. ಮೊದಲು ಬಂದ ಮೂರು ಕಡಸುಗಳಿಗೆ ಇಟ್ಟ ಹೆಸರು ನಂಬಿಕೆ, ನಿರೀಕ್ಷೆ, ಪ್ರೀತಿ. ಬೈಬಲ್ಲಿನಲ್ಲಿ ಒಟ್ಟಿಗೆ ಬರುವ ಮೂರು ಮಾತುಗಳು ಇವು.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು. ಹಾಲು ಕೊಡುವ ಹಸುವನ್ನೇ ಕಳಿಸದೆ ಕಡಸನ್ನು ಏಕೆ ಕಳಿಸಬೇಕು? ಕಡಸು ಎಂದರೆ ಇನ್ನೂ ಕರು ಹಾಕದ ಪ್ರಾಯದ ಹಸು. ಅದರಲ್ಲೂ ಇವರು ಆರಿಸಿದ್ದು ಗಬ್ಬದ ಕಡಸುಗಳನ್ನು. ಕರೆಯುವ ಹಸುವನ್ನು ಹಡಗಿಗೆ ಹತ್ತಿಸಿದರೆ ದಿನಕ್ಕೆರಡು ಹೊತ್ತು ಹಾಲು ಕರೆಯಲೇಬೇಕು. ಕರೆಯದಿದ್ದರೆ ಕೆಚ್ಚಲು ಬಾತುಕೊಳ್ಳುತ್ತದೆ. ಪ್ರಯಾಣದ ಆಯಾಸ, ಮೇವಿನ ಬದಲಾವಣೆಗಳಿಂದ ಹಾಲೂ ಇಳಿಯುತ್ತದೆ. ಗಬ್ಬದ ಕಡಸಿಗೆ ಆ ತೊಂದರೆ ಇಲ್ಲ. ಹಸುವಿನ ಗಬ್ಬದ ಅವಧಿ ಸುಮಾರು 283 ದಿನ. ಲೆಕ್ಕ ನೋಡಿ ಹತ್ತಿಸಿದರೆ ದಡ ಸೇರಿದ ಸ್ವಲ್ಪ ಕಾಲದಲ್ಲೇ ಅದು ಕರು ಹಾಕುತ್ತದೆ. ಹಡಗಿನಲ್ಲಿ ಜಾಗ ಒಂದಕ್ಕೆ, ಹೊಸ ಮನೆಯ ಕೊಟ್ಟಿಗೆಯಲ್ಲಿ ಪ್ರಾಣಿ ಎರಡು. ಪ್ರಾಯದ ಪ್ರಾಣಿಯಾದ್ದರಿಂದ ಮುಂದೆ ಹಲವು ಸಲ ಕರು ಹಾಕುವ ಆಯುಸ್ಸೂ ಅದಕ್ಕೆ ಉಳಿದಿರುತ್ತದೆ.

ಇನ್ನು ಹಾಲಿನ ಪುಡಿಯ ಲೆಕ್ಕ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಆ ನೀರನ್ನು ತೆಗೆದು ಸಾಗಿಸುವುದು ಬುದ್ಧಿವಂತಿಕೆಯೇ. ಒಂದು ಕಿಲೋ ಪುಡಿಯಿಂದ ಎಂಟು ಲೀಟರಿನಷ್ಟು ಹಾಲಾಗುತ್ತದೆ. 200 ಮಿಲಿಲೀಟರಿನ ಲೋಟದಲ್ಲಿ ಅಳೆದರೆ 40 ಲೋಟ. ದಿನಕ್ಕೊಂದು ಲೋಟದಂತೆ ಒಂದು ಮಗುವಿಗೆ 40 ದಿನ. ನಲವತ್ತೊಂದನೆಯ ದಿನ ಮತ್ತೆ ಹಡಗು ಬರಬೇಕು. ಅದಲ್ಲದೆ, ತೆಗೆದ ನೀರನ್ನು ಮತ್ತೆ ಸೇರಿಸಬೇಕಲ್ಲ, ಆ ನೀರು ಎಲ್ಲಿಯದು? ಯುದ್ಧವೋ ನೆರೆಯೋ ಬಂದುಹೋದ ಊರಿನಲ್ಲಿ ಮೊದಲು ಕೆಡುವುದೇ ಕುಡಿಯುವ ನೀರು. ಕೆಟ್ಟ ನೀರಿನಲ್ಲಿ ಕದಡಿದ ಪುಡಿಹಾಲು ಕೂಸಿಗೆ ಭೇದಿಯನ್ನು ತರುತ್ತದೆ. ಹಸುವಿನ ಹಾಲಿನಿಂದಲೂ ರೋಗ ಬರಬಹುದು, ಕಾಯಿಸಿಯೇ ಕುಡಿಯಬೇಕು. ಅದಕ್ಕಾಗಿಯೇ ಕಡಸುಗಳನ್ನು ಹಡಗು ಹತ್ತಿಸುವ ಮೊದಲು ಕ್ಷಯಕ್ಕೂ, ಗಬ್ಬ ಕಂದಿಹೋಗುವಂತೆ ಮಾಡುವ ಬ್ರುಸೆಲ್ಲೋಸಿಸ್ ರೋಗಕ್ಕೂ ಪರೀಕ್ಷೆ ಮಾಡುತ್ತಿದ್ದರು.

ಹಸುವಿನ ದೊಡ್ಡ ಗುಣ ಅದರ ಹೊಟ್ಟೆಯಲ್ಲಿದೆ. ಹುಲ್ಲಿನ ಸೆಲ್ಯುಲೋಸನ್ನು ಅರಗಿಸುವ ಶಕ್ತಿ ಮನುಷ್ಯನಿಗಿಲ್ಲ. ಹಸುವಿಗೂ ಸ್ವಂತವಾಗಿ ಇಲ್ಲವೆಂದರೆ ಆಶ್ಚರ್ಯವಾದೀತು! ಅದರ ಜಠರದ ಮೊದಲ ದೊಡ್ಡ ಚೀಲದಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಮನೆಮಾಡಿಕೊಂಡಿವೆ. ಅವು ಹುಲ್ಲನ್ನು ಕೊಳೆಸಿ, ಹಸು ಹೀರಿಕೊಳ್ಳಬಲ್ಲ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಹಸು ಮಲಗಿ ಮೆಲುಕು ಹಾಕುವುದು ಈ ಕೆಲಸಕ್ಕೆ ನೆರವಾಗುವುದಕ್ಕೆ. ಆದ್ದರಿಂದ ಬದುವಿನ ಹುಲ್ಲು ತಿಂದು ಬದುಕುವ ಹಸು ಬಡವನ ಅನ್ನಕ್ಕೆ ಪಾಲುದಾರನಾಗುವುದಿಲ್ಲ. ಕಾಳು ತಿನ್ನಿಸಿ ಸಾಕಿದರೆ ಮಾತು ಬೇರೆ.

ಯೂರೋಪಿನ ದಾರಿ ಮುಚ್ಚಿದ್ದರಿಂದ ಮೊದಲ ತಂಡ ಹೋದದ್ದು ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ದ್ವೀಪಕ್ಕೆ. 1944ರಲ್ಲಿ 17 ಕಡಸುಗಳು ಹೊರಟವು. ಹಾಲಿನ ರುಚಿಯನ್ನೇ ಕಾಣದ, ಸೊರಗಿದ ಮಕ್ಕಳಿದ್ದ ಮನೆಗಳಿಗೆ ಅವು ಸೇರಿದವು. ಪಡೆದವರು ಹಣ ಕೊಡಬೇಕಾಗಿರಲಿಲ್ಲ. ಯಾವ ಮತವೆಂಬ ಪ್ರಶ್ನೆಯೂ ಇರಲಿಲ್ಲ. ಪಾದ್ರಿಗಳ ಪರಿಹಾರವೆಂದರೆ ಮತಾಂತರದ ಗಾಳವೆಂಬ ಶಂಕೆ ನಮ್ಮ ಕಡೆ ಹಳೆಯದು, ಎಲ್ಲ ಕಡೆಯೂ ಅದು ಆಧಾರವಿಲ್ಲದ್ದೆಂದು ಹೇಳಲಾಗದು. ಈ ಯೋಜನೆಯಲ್ಲಿ ಮಾತ್ರ ಒಂದೇ ಒಂದು ಷರತ್ತಿತ್ತು, ಅದು ಹಸುವಿಗೆ ಸಂಬಂಧಿಸಿದ್ದು. ಹುಟ್ಟುವ ಮೊದಲ ಹೆಣ್ಣು ಕರುವನ್ನು ಸಾಕಿ ಬೆಳೆಸಿ, ತಮ್ಮಷ್ಟೇ ಬಡವರಾದ ಇನ್ನೊಂದು ಮನೆಗೆ ಕೊಡಬೇಕು.

ನಮ್ಮ ಹಳ್ಳಿಗಳಲ್ಲಿ ಹಸುವನ್ನೋ ಕುರಿಯನ್ನೋ ಪಾಲಿಗೆ ಸಾಕಲು ಕೊಡುವ ಪದ್ಧತಿ ಹಿರಿಯರಿಗೆ ಗೊತ್ತು. ಅಲ್ಲಿ ಹುಟ್ಟಿದ ಮರಿಯಲ್ಲಿ ಒಡೆಯನಿಗೆ ಪಾಲು. ಸಾಕಿದವನ ದುಡಿಮೆಯ ಒಂದು ಭಾಗ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಬ್ರೆದ್ರೆನ್ನರ ಷರತ್ತಿನಲ್ಲಿ ಪಾಲು ಹೋಗುವುದು ಪಕ್ಕದ ಮನೆಗೆ. ಒಡೆಯನೇ ಇಲ್ಲ. ನಿನ್ನೆ ಕೈಯೊಡ್ಡಿದವನು ಇನ್ನೆರಡು ಮೂರು ವರ್ಷದಲ್ಲಿ ಕೊಡುವವನ ಜಾಗದಲ್ಲಿ ನಿಲ್ಲುತ್ತಾನೆ. ನೆರೆಪರಿಹಾರದ ಶಿಬಿರಗಳಲ್ಲಿ ಹಳೆಬಟ್ಟೆಯ ಮೂಟೆ ಬಿಚ್ಚಿದಾಗ, ಕೊಡುವವರು ಕ್ಯಾಮೆರಾದ ಕಡೆ ತಿರುಗಿದಾಗ ಪಡೆಯುವವರು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಈ ಸರಪಳಿ ಎಷ್ಟು ಬೇಗ ಬೆಳೆಯುತ್ತದೆ? ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಎಂದು ಚದುರಂಗದ ಮನೆಯ ಅಕ್ಕಿಕಾಳಿನ ಲೆಕ್ಕ ಹೇಳುವವರಿದ್ದಾರೆ. ಅದು ಸರಿಯಲ್ಲ. ಒಂದು ಮನೆ ಕೊಡಬೇಕಾದದ್ದು ಒಂದೇ ಕಡಸು. ಆದ್ದರಿಂದ ಸರಪಳಿಗೆ ಸೇರುವುದು ಒಂದೊಂದೇ ಕೊಂಡಿ. ಹುಟ್ಟಿದ ಹೆಣ್ಣು ಕರು ಬೆಳೆದು ಗಬ್ಬ ಕಟ್ಟಲು ಎರಡು ವರ್ಷವಾದರೂ ಬೇಕು. ಹುಟ್ಟುವ ಕರು ಹೆಣ್ಣೇ ಆಗಬೇಕೆಂದೂ ಇಲ್ಲ. ನಾಣ್ಯ ಚಿಮ್ಮಿದ ಹಾಗೆ ಅರ್ಧಕ್ಕರ್ಧ. ಹೋರಿಕರು ಹುಟ್ಟಿದರೆ ಇನ್ನೊಂದು ಸೂಲಿಗೆ ಕಾಯಬೇಕು, ಎಂದರೆ ಮತ್ತೆ ಒಂದು ವರ್ಷಕ್ಕೆ ಕಡಿಮೆಯಿಲ್ಲ. ಎಲ್ಲ ಸೇರಿಸಿದರೆ ಒಂದು ಕೊಂಡಿಗೆ ಸರಾಸರಿ ಮೂರು ವರ್ಷದ ಮೇಲೆ. ಇಪ್ಪತ್ತು ವರ್ಷದಲ್ಲಿ ಆರು ಮನೆ ಎನ್ನಿ, ನಡುವೆ ಯಾವ ಹಸುವೂ ಸಾಯದಿದ್ದರೆ. ಮನೆಯಲ್ಲಿ ನಾಣ್ಯ ಹಿಡಿದು ಕುಳಿತು, ರಾಜ ಬಿದ್ದರೆ ಹೆಣ್ಣು, ಸಂಖ್ಯೆ ಬಿದ್ದರೆ ಹೋರಿ ಎಂದು ಇಟ್ಟುಕೊಂಡು ಈ ಆಟ ಆಡಿ ನೋಡಬಹುದು. ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳಿ. ಆರು ಮನೆ ಎಂದರೆ ಸಣ್ಣ ಸಂಖ್ಯೆಯೇ. ಆದರೆ ಹಡಗು ಬಂದದ್ದು ಒಂದೇ ಸಲ ಎಂಬುದನ್ನು ಮರೆಯಬಾರದು. ಆ ಆರೂ ಮನೆಗಳಲ್ಲಿ ಮುಂದಿನ ಕರುಗಳು, ಹಾಲು, ಗೊಬ್ಬರವೆಲ್ಲ ಆ ಮನೆಯವರದೇ.

1945ರಲ್ಲಿ ಯುದ್ಧ ಮುಗಿದಾಗ ಯೂರೋಪಿನ ಕೊಟ್ಟಿಗೆಗಳು ಬರಿದಾಗಿದ್ದವು. ಪೋಲೆಂಡ್ ತನ್ನ ದನಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಕಳೆದುಕೊಂಡಿತ್ತು. ಉಳಲು ಕುದುರೆಗಳಿರಲಿಲ್ಲ. ಮಿತ್ರರಾಷ್ಟ್ರಗಳು 1943ರಲ್ಲಿ ಕಟ್ಟಿದ್ದ ‘ಅನ್ರಾ’ ಎಂಬ ಪರಿಹಾರ ಸಂಸ್ಥೆ ಅಮೆರಿಕದಿಂದ ದನ, ಕುದುರೆಗಳನ್ನು ಕಳಿಸಲು ಹೊರಟಿತು. ಅವರ ಬಳಿ ಹಡಗು ಇತ್ತು, ಹಣ ಇತ್ತು. ನಡುಗಡಲಿನಲ್ಲಿ ಹುಲ್ಲು ಹಾಕಿ, ನೀರು ಕುಡಿಸಿ, ಸಗಣಿ ಬಾಚುವ ಜನ ಇರಲಿಲ್ಲ. ಬ್ರೆದ್ರೆನ್ನರ ಬಳಿ ಜನ ಇದ್ದರು, ಹಡಗು ಇರಲಿಲ್ಲ. ಎರಡೂ ಕಡೆಯವರು ಕೂತು ಮಾತನಾಡಿದರು. ಚರ್ಚಿನವರು ಆಳುಗಳನ್ನು ಒದಗಿಸಿದರು, ಅನ್ರಾ ಹಡಗುಗಳಲ್ಲಿ ಚರ್ಚಿನ ಕಡಸುಗಳಿಗೆ ಜಾಗ ಕೊಟ್ಟಿತು.

ಹೀಗೆ ಹೊರಟವರನ್ನು ‘ಕಡಲ ದನಗಾಹಿಗಳು’ ಎಂದು ಕರೆದರು. 1945ರಿಂದ 1947ರವರೆಗೆ ಸುಮಾರು 7,000 ಮಂದಿ ಹೋಗಿಬಂದರು. ಒಟ್ಟು 360ರಷ್ಟು ಯಾನಗಳು, ಸಾಗಿಸಿದ ಪ್ರಾಣಿಗಳು ಸುಮಾರು 3 ಲಕ್ಷ. ಅವುಗಳಲ್ಲಿ ಹೆಚ್ಚಿನವು ಅನ್ರಾ ಸಂಸ್ಥೆಯವು, ಚರ್ಚಿನ ಕಡಸುಗಳು ಕೆಲವೇ ಸಾವಿರ. ಒಂದು ಯಾನಕ್ಕೆ 150 ಡಾಲರ್ ಸಂಬಳ. ಹದಿನಾರರ ಹುಡುಗರಿಂದ ಎಪ್ಪತ್ತು ದಾಟಿದ ಮುದುಕರವರೆಗೆ ಇದ್ದರು. ರೈತರು, ವಿದ್ಯಾರ್ಥಿಗಳು, ಮೇಷ್ಟರು, ಪಾದ್ರಿಗಳು ಎಲ್ಲರೂ ಒಂದೇ ಸಗಣಿಯಲ್ಲಿ ನಿಂತರು. ಕಡಲನ್ನೇ ಕಾಣದೆ ಬೆಳೆದ ಹಳ್ಳಿಹುಡುಗರು ವಾಂತಿ ಮಾಡಿಕೊಳ್ಳುತ್ತ ಕುದುರೆಗಳಿಗೆ ನೀರು ಹೊತ್ತರು. ಯುದ್ಧದಲ್ಲಿ ಬಿತ್ತಿದ್ದ ಸಿಡಿಮದ್ದುಗಳು ಆ ಕಡಲಿನಲ್ಲಿ ಇನ್ನೂ ತೇಲುತ್ತಿದ್ದವು. ದಡ ಸೇರಿದ ಮೇಲೆ ಕಂಡದ್ದು ಕಲ್ಲುಮಣ್ಣಿನ ರಾಶಿಯಾಗಿದ್ದ ನಗರಗಳು. ಸೋತ ದೇಶ ಗೆದ್ದ ದೇಶವೆನ್ನದೆ ಕಡಸುಗಳು ಹೋದವು. ಜರ್ಮನಿಯ ನಿರಾಶ್ರಿತರಿಗೂ ಕೊಟ್ಟರು. ಜಪಾನಿಗೆ ಸಾವಿರಾರು ಆಡುಗಳು ಹೋದವು. ಸಣ್ಣ ಜಾಗ, ಕಡಿಮೆ ಮೇವು. ಅಲ್ಲಿಗೆ ಆಡೇ ಸರಿ.

ಗ್ರೀಸ್ ದೇಶಕ್ಕೆ 1945ರಲ್ಲಿ ಬ್ರೆದ್ರೆನ್ನರು ಕಳಿಸಿದ್ದು ಕಡಸುಗಳನ್ನಲ್ಲ, ಆರು ಹೋರಿಗಳನ್ನು. ಇಡೀ ದೇಶಕ್ಕೆ ಆರು ಹೋರಿ ಯಾವ ಮೂಲೆಗೆ ಎನಿಸಬಹುದು. ಅಲ್ಲಿ ಉಳಿದಿದ್ದ ನಾಟಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿ ತಳಿ ಸುಧಾರಿಸುವುದು ಉದ್ದೇಶ. ಇಂದು ಪಶುವೈದ್ಯರು ದ್ರವ ಸಾರಜನಕದ ಕ್ಯಾನಿನಿಂದ ಹೋರಿಯ ವೀರ್ಯದ ಕಡ್ಡಿ ತೆಗೆಯುವುದನ್ನು ಹಳ್ಳಿಯ ಮಕ್ಕಳೂ ನೋಡಿದ್ದಾರೆ. ಆಗ ಆ ಸೌಕರ್ಯವಿರಲಿಲ್ಲ. ಗ್ಲಿಸರಿನ್ ಬೆರೆಸಿದರೆ ವೀರ್ಯವನ್ನು ಹೆಪ್ಪುಗಟ್ಟಿಸಿ ಜೀವಂತವಾಗಿ ಇಡಬಹುದೆಂದು ಇಂಗ್ಲೆಂಡಿನಲ್ಲಿ ತಿಳಿದದ್ದು 1949ರಲ್ಲಿ. ಅದಕ್ಕೆ ಮೊದಲು ತಣ್ಣಗೆ ಇಟ್ಟು ಕೆಲವೇ ದಿನಗಳಲ್ಲಿ ಬಳಸಬೇಕಿತ್ತು. ಹೀಗಾಗಿ ಹೋರಿಗಳೇ ಕಡಲು ದಾಟಬೇಕಾಯಿತು.

ಕೊರಿಯಾ ಯುದ್ಧದ ನಡುವೆ, 1952ರಲ್ಲಿ, ಇನ್ನೊಂದು ಜಾಣತನ ನಡೆಯಿತು. ಅಲ್ಲಿ ಕೋಳಿಗಳೇ ಉಳಿದಿರಲಿಲ್ಲ. ಕೋಳಿಗಳನ್ನು ಸಾಗಿಸುವುದರ ಬದಲು ಎರಡು ಲಕ್ಷಕ್ಕೂ ಹೆಚ್ಚು ಕಾವಿನ ಮೊಟ್ಟೆಗಳನ್ನು ವಿಮಾನದಲ್ಲಿ ಕಳಿಸಿದರು. ಫಲಿತ ಮೊಟ್ಟೆಯೊಳಗಿನ ಜೀವ ತಂಪಿನಲ್ಲಿ ಬೆಳೆಯುವುದನ್ನು ನಿಲ್ಲಿಸಿ ಸುಮ್ಮನಿರುತ್ತದೆ. ಒಂದು ವಾರದೊಳಗೆ ಕಾವಿಗಿಟ್ಟರೆ ಮತ್ತೆ ಬೆಳೆದು 21 ದಿನಕ್ಕೆ ಮರಿಯಾಗುತ್ತದೆ. ದಾರಿಯಲ್ಲಿ ಕಾಳಿಲ್ಲ, ನೀರಿಲ್ಲ, ಹಿಕ್ಕೆ ಬಾಚುವ ಕೆಲಸವೂ ಇಲ್ಲ. 1954ರಲ್ಲಿ ಅದೇ ದೇಶಕ್ಕೆ 200 ಪೆಟ್ಟಿಗೆ ಜೇನುಹುಳುಗಳು ಹೋದವು.

1953ರಲ್ಲಿ ಯೋಜನೆ ಚರ್ಚಿನ ತೆಕ್ಕೆಯಿಂದ ಹೊರಬಂದು ಸ್ವತಂತ್ರ ಸಂಸ್ಥೆಯಾಗಿ ನೋಂದಾಯಿತವಾಯಿತು. ಬೇರೆ ಪಂಗಡಗಳವರೂ ಜೊತೆ ಸೇರಿದ್ದರು. ಇಂದಿನ ಹೆಸರು ಹೈಫರ್ ಇಂಟರ್‌ನ್ಯಾಷನಲ್. ಇಂಗ್ಲಿಷಿನ ಹೈಫರ್ ಎಂದರೆ ಕಡಸೇ. ತಾನು ಹುಟ್ಟಿಸಿದ್ದನ್ನು ಚರ್ಚು ತನ್ನ ಫಲಕದ ಕೆಳಗೇ ಕಟ್ಟಿಕೊಳ್ಳದೆ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ಅದೂ ಒಂದು ರೀತಿಯಲ್ಲಿ ಬೆಳೆದ ಕರುವನ್ನು ದಾಟಿಸಿದ ಹಾಗೆಯೇ.

ಹಾಗೆಂದು ಹಸು ಕೊಟ್ಟ ಕಡೆಯಲ್ಲೆಲ್ಲ ಬಡತನ ಓಡಿಹೋಗುತ್ತದೆಂದು ತಿಳಿಯಬಾರದು. ಹುಲ್ಲಿಲ್ಲದ, ನೀರಿಲ್ಲದ ಊರಿನಲ್ಲಿ ಹಸು ಒಂದು ಹೊರೆ. ಮನೆಯ ಹೆಣ್ಣುಮಕ್ಕಳು ಮೈಲಿಗಟ್ಟಲೆ ನಡೆದು ಅದಕ್ಕೂ ನೀರು ಹೊರಬೇಕಾಗುತ್ತದೆ. ರೋಗ ಬಂದರೆ ಔಷಧ ಎಲ್ಲಿ, ಹಾಲು ಹೆಚ್ಚಾದರೆ ಕೊಳ್ಳುವವರು ಯಾರು? ಪ್ರಾಣಿಯ ಬದಲು ಹಣವನ್ನೇ ಕೈಗೆ ಕೊಡಿ, ಏನು ಬೇಕೆಂದು ಬಡವರಿಗೇ ಗೊತ್ತು ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ.

ಈ ವಿಷಯದಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ್ದ ಒಂದು ಕ್ರಮವನ್ನು ಭಾರತ, ಪಾಕಿಸ್ತಾನ, ಇಥಿಯೋಪಿಯಾ, ಘಾನಾ, ಹೊಂಡುರಾಸ್, ಪೆರು ಈ ಆರು ದೇಶಗಳಲ್ಲಿ ಪರೀಕ್ಷಿಸಿದರು. ಇದಕ್ಕೂ ಚರ್ಚಿಗೂ ಸಂಬಂಧವಿಲ್ಲ. ಆದರೆ ಪ್ರಶ್ನೆ ಡಾನ್ ವೆಸ್ಟ್ ಅವರದೇ. ಕಡುಬಡ ಕುಟುಂಬಗಳಿಗೆ ಹೆಚ್ಚಾಗಿ ಒಂದು ಸಾಕುಪ್ರಾಣಿ, ಅದನ್ನು ನೋಡಿಕೊಳ್ಳುವ ತರಬೇತಿ, ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತ, ಉಳಿತಾಯದ ಅಭ್ಯಾಸ, ಜೊತೆಗೆ ಮೊದಲ ತಿಂಗಳುಗಳಲ್ಲಿ ಊಟದ ಖರ್ಚಿಗೆ ಸ್ವಲ್ಪ ಹಣ. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಅಧ್ಯಯನದಲ್ಲಿದ್ದವು. ಅವುಗಳಲ್ಲಿ ನೆರವು ಪಡೆದವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಪಡೆಯದವರ ಜೊತೆ ಹೋಲಿಸಿ ನೋಡಿದರು. ಎಲ್ಲ ನೆರವು ನಿಂತು ಒಂದು ವರ್ಷ ಕಳೆದ ಮೇಲೂ ಪಡೆದವರ ಮನೆಗಳಲ್ಲಿ ಊಟ, ಆದಾಯ ಒಟ್ಟಾರೆ ಉತ್ತಮವಾಗಿದ್ದವು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಫಲ ಚೆನ್ನಾಗಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಲೆಕ್ಕ ತಪ್ಪಿತು. ಅಲ್ಲಿ ಬಹಳ ಮಂದಿ ಕೋಳಿಗಳನ್ನು ಆರಿಸಿಕೊಂಡಿದ್ದರು. ರೋಗ ತಗುಲಿ ಕೋಳಿಗಳು ಸತ್ತುಹೋದವು.

ಆ ಊಟದ ಹಣ ಏಕೆ ಬೇಕಿತ್ತೆಂಬುದನ್ನು ಗಮನಿಸಬೇಕು. ಪ್ರಾಣಿ ಮನೆಗೆ ಬಂದ ದಿನಕ್ಕೂ ಅದು ಫಲ ಕೊಡುವ ದಿನಕ್ಕೂ ನಡುವೆ ತಿಂಗಳುಗಳಿವೆ. ಆ ತಿಂಗಳುಗಳಲ್ಲಿ ಮಗುವಿಗೆ ಹಸಿವಾದರೆ ಅಪ್ಪ ಹಸುವನ್ನೇ ಮಾರುತ್ತಾನೆ. ಇಂಡಿಯಾನಾದ ರೈತರು ಗಬ್ಬದ ಕಡಸನ್ನೇ ಹುಡುಕಿ ಹಡಗು ಹತ್ತಿಸಿದಾಗ ಆ ತಿಂಗಳುಗಳಲ್ಲಿ ಒಂದಷ್ಟನ್ನು ತಮ್ಮ ಕೊಟ್ಟಿಗೆಯಲ್ಲೇ, ತಮ್ಮ ಹುಲ್ಲಿನಲ್ಲೇ ಕಳೆದು ಕಳಿಸಿದ್ದರು. ಉಳಿದ ದಿನಗಳಿಗೆ ಹಾಲಿನ ಪುಡಿಯ ಡಬ್ಬಗಳೂ ಬೇಕಾಗಿದ್ದವು, ಸಾಲಿನ ತುದಿಯಲ್ಲಿ ನಿಂತು ಕದಡಿಕೊಡುವವರೂ ಬೇಕಾಗಿದ್ದರು.